ತನ್ನ ಚೀಟಿಯನ್ನು ತಾನೇ ಓದಿಕೊಳ್ಳಲು

ಅಂಗಡಿಯಿಂದ ತರಬೇಕಾದ ಸಾಮಾನಿನ ಪಟ್ಟಿ, ನೆಂಟರ ಫೋನ್ ನಂಬರು, ಹಾಲಿನವನಿಗೆ ಕೊಡಬೇಕಾದ ಬಾಕಿ, ಯಾರೋ ಹೇಳಿದ ಔಷಧದ ಹೆಸರು. ಇವನ್ನೆಲ್ಲ ಕೈಗೆ ಸಿಕ್ಕಿದ ಕಾಗದದ ಚೂರಿನ ಮೇಲೆ ಗೀಚಿಕೊಳ್ಳುವುದನ್ನು ನಾವು ಬರವಣಿಗೆಯೆಂದು ಎಣಿಸುವುದೇ ಇಲ್ಲ. ಬರವಣಿಗೆಯ ಚರಿತ್ರೆ ಎಂದೊಡನೆ ನೆನಪಾಗುವುದು ಶಾಸನ, ತಾಳೆಗರಿ, ಗ್ರಂಥ. ಆದರೆ ಕಣ್ಣಿಲ್ಲದವರ ಮಟ್ಟಿಗೆ ಗ್ರಂಥಕ್ಕಿಂತ ಚೀಟಿಯೇ ಕಠಿಣವಾದ ಸಮಸ್ಯೆಯಾಗಿತ್ತು. ಗ್ರಂಥವನ್ನು ಇನ್ನೊಬ್ಬರು ಓದಿ ಹೇಳಬಹುದು. ತಾನು ತನಗಾಗಿ ಗುರುತು ಹಾಕಿಕೊಂಡದ್ದನ್ನು, ಬೇಕೆಂದಾಗ, ಯಾರನ್ನೂ ಕರೆಯದೆ ತಾನೇ ಓದಿಕೊಳ್ಳುವುದು ಹೇಗೆ? ಎರಡು ಶತಮಾನಗಳಿಂದ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದ ದಾರಿ ಇಂದು ಅಂಗೈಯಲ್ಲಿರುವ ಸ್ಮಾರ್ಟ್‌ಫೋನಿನವರೆಗೆ ತಲುಪಿದೆ.

ಅಂಧರ ನೆನಪಿನ ಶಕ್ತಿಯನ್ನು ಹೊಗಳುವುದು ನಮ್ಮಲ್ಲಿ ವಾಡಿಕೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅದೆಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಆ ವಿದ್ಯೆ ಕಿವಿಯಿಂದ ಕಂಠಕ್ಕೆ ಹೋಗುವಂಥದು; ಕಣ್ಣಿದ್ದವರೂ ಅದನ್ನು ಹಾಗೆಯೇ ಕಲಿಯುತ್ತಾರೆ. ಆದರೆ ಬ್ಯಾಂಕಿನ ಖಾತೆ ಸಂಖ್ಯೆಗೆ ರಾಗತಾಳಗಳಿಲ್ಲ. ನೆನಪಿಟ್ಟುಕೊಳ್ಳದೆ ಗತ್ಯಂತರವೇ ಇಲ್ಲದವನ ನೆನಪನ್ನು ಮೆಚ್ಚಿಕೊಳ್ಳುವುದೆಂದರೆ, ಊರಿಗೆ ನಲ್ಲಿ ಹಾಕಿಸದೆ ನೀರು ಹೊರುವವಳ ತೋಳ್ಬಲವನ್ನು ಕೊಂಡಾಡಿದ ಹಾಗೆ.

ಇಟಲಿಯಲ್ಲಿ 1808ರ ಸುಮಾರಿಗೆ ಪೆಲ್ಲೆಗ್ರಿನೊ ಟುರ್ರಿ ಎಂಬವನು ಕ್ಯಾರೊಲಿನಾ ಫಾಂಟೋನಿ ಎಂಬ ಅಂಧ ಕುಲೀನ ಮಹಿಳೆಗಾಗಿ ಅಕ್ಷರ ಒತ್ತುವ ಒಂದು ಯಂತ್ರ ಮಾಡಿಕೊಟ್ಟ. ಯಂತ್ರ ಈಗ ಉಳಿದಿಲ್ಲ. ಆಕೆ ಅದರಲ್ಲಿ ಮುದ್ರಿಸಿದ ಕೆಲವು ಪತ್ರಗಳು ಮಾತ್ರ ರೆಜ್ಜೊ ಎಮಿಲಿಯಾ ನಗರದಲ್ಲಿ ಇಂದಿಗೂ ಇವೆ. ಟೈಪ್‌ರೈಟರಿನ ಪೂರ್ವಜರಲ್ಲಿ ಒಂದೆಂದು ಚರಿತ್ರಕಾರರು ಅದನ್ನು ನೆನೆಯುತ್ತಾರೆ. ಆಕೆಗೆ ಅದರಿಂದಾದ ಲಾಭ ಬೇರೆಯೇ ಇತ್ತು: ಮನಸ್ಸಿನ ಮಾತನ್ನು ಮತ್ತೊಬ್ಬರಿಗೆ ಹೇಳಿ ಬರೆಸಬೇಕಾದ ಸಂಕೋಚ ತಪ್ಪಿತು. ಅಷ್ಟಾದರೂ ಬರೆದ ಸಾಲನ್ನು ತಾನೇ ಹಿಂದಿರುಗಿ ನೋಡುವ ಉಪಾಯ ಆಕೆಗಿರಲಿಲ್ಲ. ಪತ್ರಕ್ಕೆ ಅಷ್ಟು ಸಾಕು, ಓದುವವರು ಬೇರೆ. ಚೀಟಿಗೆ ಸಾಲದು.

ಅಮೆರಿಕದ ಇತಿಹಾಸಕಾರ ವಿಲಿಯಂ ಪ್ರೆಸ್ಕಾಟ್‌ನ ಪಾಡು ಇನ್ನೂ ಕುತೂಹಲಕರ. ಕಾಲೇಜಿನ ಊಟದ ಮನೆಯಲ್ಲಿ ಯಾರೋ ತಮಾಷೆಗೆ ಎಸೆದ ಗಟ್ಟಿ ಬ್ರೆಡ್ಡಿನ ಚೂರು ತಗಲಿ ಅವನ ಒಂದು ಕಣ್ಣು ಹೋಯಿತು. ಇನ್ನೊಂದು ಆಗಾಗ ಕೈಕೊಡುತ್ತಿತ್ತು. ಅವನು ಬಳಸಿದ್ದು ನೋಕ್ಟೋಗ್ರಾಫ್ ಎಂಬ ಚೌಕಟ್ಟು. ಅದರಲ್ಲಿ ಸಾಲುಸಾಲಾಗಿ ತಂತಿ ಬಿಗಿದಿರುತ್ತದೆ, ಕೆಳಗೆ ಮಸಿ ಬಳಿದ ಕಾಗದ. ತಂತಿಯ ಆಸರೆಯಲ್ಲಿ ಶಾಯಿಯಿಲ್ಲದ ಮೊನೆಯಿಂದ ಗೀರುತ್ತ ಹೋದರೆ ಕಾಣದೆಯೇ ಬರೆಯಬಹುದು. ಮೆಕ್ಸಿಕೋ ವಿಜಯದ ಬಗ್ಗೆ ಅವನು 1843ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥ ಹೀಗೆ ಸಿದ್ಧವಾದದ್ದು. ಆದರೆ ಆ ಗೀಚನ್ನು ಬಿಡಿಸಿ ಓದಬೇಕಾದವನು ಕಾರ್ಯದರ್ಶಿ. ಅವನು ಓದಿ ಹೇಳಿದ್ದನ್ನು ಕೇಳಿ, ಪುಟಗಟ್ಟಲೆ ಮನಸ್ಸಿನಲ್ಲೇ ಜೋಡಿಸಿ, ಪ್ರೆಸ್ಕಾಟ್ ಮತ್ತೆ ಬರೆಯುತ್ತಿದ್ದ. ಸಂಬಳ ಕೊಟ್ಟು ಕಾರ್ಯದರ್ಶಿಯನ್ನು ಇಟ್ಟುಕೊಳ್ಳುವ ಶಕ್ತಿ ಅವನಿಗಿತ್ತು. ಎಷ್ಟು ಜನಕ್ಕಿದ್ದೀತು?

ಓದುವ ಕಡೆಯಿಂದ ಹೊರಟವರೂ ಇದ್ದರು. ಪ್ಯಾರಿಸ್ಸಿನಲ್ಲಿ 1785ರಲ್ಲಿ ಅಂಧ ಮಕ್ಕಳಿಗಾಗಿ ಶಾಲೆ ತೆರೆದ ವಾಲಾಂತ್ಯಾ ಆಯುಯ್, ದಪ್ಪ ಕಾಗದದ ಮೇಲೆ ಸಾಮಾನ್ಯ ಅಕ್ಷರಗಳನ್ನೇ ಉಬ್ಬಿಸಿ ಅಚ್ಚು ಹಾಕಿಸಿದ. ಮಕ್ಕಳು ಬೆರಳಾಡಿಸಿ ನಿಧಾನವಾಗಿ ಓದಿದರು. ಅಂಥ ಪುಸ್ತಕಕ್ಕೆ ಅಚ್ಚುಕೂಟವೇ ಬೇಕು. ಬಾಲಕನೊಬ್ಬ ಜೇಬಿನಿಂದ ಏನನ್ನೋ ತೆಗೆದು ಅಲ್ಲೇ ಕುಳಿತು ಬರೆದುಕೊಳ್ಳುವಂಥದಲ್ಲ. ಅಲ್ಲಿಗೆ ಒಂದು ಕಡೆ ಬರೆಯಬಲ್ಲ, ಓದಲಾರದ ಕೈ. ಇನ್ನೊಂದು ಕಡೆ ಓದಬಲ್ಲ, ಬರೆಯಲಾರದ ಕೈ.

ಎರಡನ್ನೂ ಕೂಡಿಸಿದವನು ಅದೇ ಶಾಲೆಯ ವಿದ್ಯಾರ್ಥಿ ಲೂಯಿ ಬ್ರೈಲ್. ಕುದುರೆಯ ಜೀನು ಹೊಲಿಯುವವನ ಮಗ. ಮೂರನೆಯ ವಯಸ್ಸಿನಲ್ಲಿ ತಂದೆಯ ಅಂಗಡಿಯಲ್ಲಿ ಚರ್ಮಕ್ಕೆ ತೂತು ಕೊರೆಯುವ ಮೊನೆ ಕಣ್ಣಿಗೆ ಚುಚ್ಚಿ, ನಂಜು ಹರಡಿ ಎರಡೂ ಕಣ್ಣು ಹೋದವು. ಚಾರ್ಲ್ಸ್ ಬಾರ್ಬಿಯೆ ಎಂಬ ನಿವೃತ್ತ ಸೇನಾಧಿಕಾರಿ 1821ರಲ್ಲಿ ತನ್ನ ಚುಕ್ಕೆಲಿಪಿಯನ್ನು ಆ ಶಾಲೆಯ ಮುಂದಿಟ್ಟ. ಹನ್ನೆರಡು ಚುಕ್ಕೆಗಳ ಆ ಲಿಪಿ ಬೆರಳ ತುದಿಗೆ ಒಂದೇ ಸಲಕ್ಕೆ ನಿಲುಕುತ್ತಿರಲಿಲ್ಲ. ಹುಡುಗ ಅದನ್ನು ಆರಕ್ಕೆ ಇಳಿಸಿದ. 1824ರ ಹೊತ್ತಿಗೆ, ಹದಿನೈದರ ಹರೆಯದಲ್ಲಿ, ಲಿಪಿಯ ರೂಪರೇಷೆ ಸಿದ್ಧವಾಗಿತ್ತು. 1829ರಲ್ಲಿ ಪುಸ್ತಕವಾಗಿ ಹೊರಬಂತು. ಆರು ಚುಕ್ಕೆಗಳಿಂದ 63 ಸಂಕೇತಗಳು ಹುಟ್ಟುತ್ತವೆ ಎಂಬ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಅದನ್ನು ಬರೆಯಲು ಒಂದು ಪಟ್ಟಿ ಮತ್ತು ಒಂದು ಚುಚ್ಚುಕಡ್ಡಿ ಸಾಕಾದದ್ದು. ಈ ಸಲಕರಣೆಯ ಕಲ್ಪನೆ ಬಾರ್ಬಿಯೆಯದು. ಅವನಿಗೆ ಸಲ್ಲಬೇಕಾದ ಕೀರ್ತಿ ಪೂರ್ತಿಯಾಗಿ ಸಂದಿಲ್ಲ.

ಇಂದಿಗೂ ನಮ್ಮ ಅಂಧರ ಶಾಲೆಗಳಲ್ಲಿ ಕಾಣುವ ಬ್ರೈಲ್ ಸ್ಲೇಟು ಇದರ ಸಂತತಿಯೇ. ಕಾಗದವನ್ನು ಪಟ್ಟಿಯೊಳಗೆ ಸಿಕ್ಕಿಸಿ, ಕಿಂಡಿಕಿಂಡಿಯಲ್ಲಿ ಸ್ಟೈಲಸ್ಸಿನಿಂದ ಚುಚ್ಚಬೇಕು. ಚುಚ್ಚಿದ ಕಡೆ ಕುಳಿ, ಹಿಂದುಗಡೆ ಉಬ್ಬು. ಓದುವುದು ಉಬ್ಬನ್ನು. ಆದ್ದರಿಂದ ಬರೆಯುವಾಗ ಬಲದಿಂದ ಎಡಕ್ಕೆ, ಪ್ರತಿ ಅಕ್ಷರವನ್ನೂ ಕನ್ನಡಿಯ ಪ್ರತಿಬಿಂಬದಂತೆ ತಿರುಗಿಸಿ ಚುಚ್ಚುತ್ತ ಹೋಗಬೇಕು; ಹಾಳೆ ಮಗುಚಿದರೆ ಎಡದಿಂದ ಬಲಕ್ಕೆ ಓದಬಹುದು. ಕೇಳಿದರೆ ತಲೆ ತಿರುಗುತ್ತದೆ. ಕಲಿತ ಮಕ್ಕಳ ಕೈ ಮಾತ್ರ ಮಳೆ ಹನಿದಂತೆ ಟಕಟಕನೆ ಓಡುತ್ತದೆ.

ಕಣ್ಣಿದ್ದ ಮೇಷ್ಟ್ರುಗಳಿಗೆ ಇದು ಹಿಡಿಸಲಿಲ್ಲ. ತಮಗೆ ಓದಲು ಬಾರದ ಲಿಪಿ ಮಕ್ಕಳನ್ನು ಲೋಕದಿಂದ ದೂರ ಮಾಡುತ್ತದೆ ಎಂಬುದು ಅಂಥವರ ವಾದ. ಪ್ಯಾರಿಸ್ಸಿನ ಶಾಲೆಯಲ್ಲಿ 1840ರಲ್ಲಿ ಬ್ರೈಲ್ ಲಿಪಿಯನ್ನು ನಿಷೇಧಿಸಲಾಯಿತು. ಮಕ್ಕಳು ಕದ್ದುಮುಚ್ಚಿ ಬರೆದರು. ಕೆಲವೇ ವರ್ಷಗಳಲ್ಲಿ ನಿಷೇಧ ಸಡಿಲಿತು. ಫ್ರಾನ್ಸಿನಲ್ಲಿ ಅಧಿಕೃತ ಮಾನ್ಯತೆ ಸಿಕ್ಕಿದ್ದು 1854ರಲ್ಲಿ, ಬ್ರೈಲ್ ತೀರಿಕೊಂಡು ಎರಡು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಅದು ಉಳಿದುಕೊಂಡಿದ್ದರೆ ಕಾರಣ ಸುಲಭ: ತಮ್ಮದೇ ಟಿಪ್ಪಣಿ ಮಾಡಿಕೊಳ್ಳುವ ರುಚಿ ಹತ್ತಿದವರು ಅದನ್ನು ಬಿಟ್ಟುಕೊಡಲಿಲ್ಲ.

ಭಾರತದಲ್ಲಿ ಅಂಧರ ಮೊದಲ ಶಾಲೆ ಅಮೃತಸರದಲ್ಲಿ 1887ರಲ್ಲಿ ಆರಂಭವಾಯಿತು, ಮೈಸೂರಿನಲ್ಲಿ 1901ರಲ್ಲಿ. ತೊಡಕು ಬಂದದ್ದು ಲಿಪಿಯ ವಿಷಯದಲ್ಲಿ. ಒಬ್ಬೊಬ್ಬರದು ಒಂದೊಂದು ಏರ್ಪಾಡು. ಮೈಸೂರಿಗೂ ತನ್ನದೇ ಕನ್ನಡ ಬ್ರೈಲ್ ಇತ್ತು. ಸ್ವಾತಂತ್ರ್ಯದ ನಂತರ ಕೇಂದ್ರದ ಶಿಕ್ಷಣ ಸಚಿವಾಲಯದಲ್ಲಿ ಸ್ವತಃ ಅಂಧರಾದ ಲಾಲ್ ಆಡ್ವಾಣಿಯಂಥವರು ದುಡಿದರು. ಯುನೆಸ್ಕೋ ಮಧ್ಯಸ್ಥಿಕೆ ವಹಿಸಿತು. 1951ರಲ್ಲಿ ಎಲ್ಲ ಭಾರತೀಯ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ರೂಢಿಗೆ ಬಂತು. ಇದರಲ್ಲಿ ಕನ್ನಡದ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಗುಣಿತದ ಕೊಂಬು ಮೇಲೇರುವುದಿಲ್ಲ. ‘ಅಕ್ಕ’ ಎಂದು ಬರೆಯಲು ‘ಅ’, ಒಂದು ಒಂಟಿ ಚುಕ್ಕೆ, ನಂತರ ‘ಕ’, ಮತ್ತೊಂದು ‘ಕ’. ಆ ಒಂಟಿ ಚುಕ್ಕೆ ಮೊದಲನೆಯ ‘ಕ’ದ ಸ್ವರವನ್ನು ಕಳೆದು ಹಾಕುತ್ತದೆ. ನಮ್ಮ ಲಿಪಿಯ ಸುರುಳಿಗಳೆಲ್ಲ ಬಿಚ್ಚಿ ಒಂದೇ ಸಾಲಿನಲ್ಲಿ ನಿಂತಂತೆ.

ಅದೇ 1951ರಲ್ಲಿ ಅಮೆರಿಕದ ಪರ್ಕಿನ್ಸ್ ಅಂಧರ ಶಾಲೆಯ ಮೇಷ್ಟ್ರು ಡೇವಿಡ್ ಅಬ್ರಹಾಂ ರೂಪಿಸಿದ ಬ್ರೈಲ್ ಯಂತ್ರ ಬಂತು. ಆರು ಚುಕ್ಕೆಗೆ ಆರು ಕೀಲಿ. ಒಂದಕ್ಷರದ ಚುಕ್ಕೆಗಳೆಲ್ಲ ಒಂದೇ ಏಟಿಗೆ ಮೂಡುತ್ತವೆ, ತಿರುಗುಮುರುಗಿನ ಕಾಟವಿಲ್ಲ. ತಮಿಳುನಾಡಿನ ಕಾಟ್ಪಾಡಿಯ ವರ್ತ್ ಟ್ರಸ್ಟ್ ಈ ಯಂತ್ರಗಳನ್ನು ನಮ್ಮ ದೇಶದಲ್ಲೇ ತಯಾರಿಸಿ ಕೊಟ್ಟಿದೆ. ಆದರೆ ಅದರ ತೂಕ ಐದು ಕಿಲೋಗೆ ಸಮೀಪ; ಸದ್ದೋ ತರಗತಿಯೆಲ್ಲ ತಿರುಗಿ ನೋಡುವಷ್ಟು. 1987ರಲ್ಲಿ ಡೀನ್ ಬ್ಲೇಜಿ ಎಂಬ ಅಮೆರಿಕನ್ ಎಂಜಿನಿಯರು ತಂದ ಬ್ರೈಲ್ ಎನ್ ಸ್ಪೀಕ್ ಸುಮಾರು ಅರ್ಧ ಕಿಲೋದ್ದು. ಪರದೆಯೇ ಇಲ್ಲದ ಪುಟ್ಟ ಪೆಟ್ಟಿಗೆ, ಏಳು ಕೀಲಿ. ಬ್ರೈಲಿನಲ್ಲಿ ಒತ್ತಿದ್ದನ್ನು ಅದು ಮಾತಿನಲ್ಲಿ ಓದಿ ಹೇಳುತ್ತಿತ್ತು. ಜೇಬಿಗೆ ಹಿಡಿಸುವ ಟಿಪ್ಪಣಿ ಪುಸ್ತಕ ಬಂದಂತಾಯಿತು. ಅನಂತರ ಬೆರಳಿಗೆ ಚುಕ್ಕೆಗಳೇ ಎದ್ದು ಸಿಗುವ ಯಂತ್ರಗಳೂ ಬಂದವು. ಬೆಲೆ ಲಕ್ಷ ರೂಪಾಯಿ ದಾಟುತ್ತಿತ್ತು. ನಮ್ಮ ವಿದ್ಯಾರ್ಥಿಗಳ ಪಾಲಿಗೆ ಅವು ಕಥೆಯಲ್ಲಿ ಕೇಳಿದ ವಸ್ತುಗಳಾಗಿಯೇ ಉಳಿದವು.

ಇಷ್ಟರಲ್ಲಿ, 2007ರಲ್ಲಿ, ಗುಂಡಿಗಳಿಲ್ಲದ ಗಾಜಿನ ಫೋನ್ ಬಂತು. ಗುಂಡಿ ತಡವಿ ನಂಬರು ಒತ್ತುತ್ತಿದ್ದವರಿಗೆ ಇದು ಬಾಗಿಲು ಮುಚ್ಚಿದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಎರಡೇ ವರ್ಷಕ್ಕೆ ಚಿತ್ರ ತಿರುಗಿತು. 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್, ಅದೇ ವರ್ಷ ಆಂಡ್ರಾಯ್ಡ್ ಫೋನುಗಳಿಗೆ ಟಾಕ್‌ಬ್ಯಾಕ್ ಸೇರಿದವು. ಇವು ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಗಳು. ಬೆರಳಿಟ್ಟಲ್ಲಿ ಏನಿದೆಯೆಂದು ಫೋನು ಹೇಳುತ್ತದೆ. ಎರಡು ಬಾರಿ ತಟ್ಟಿದರೆ ಅದು ತೆರೆಯುತ್ತದೆ. ಬೇರೆ ದುಡ್ಡಿಲ್ಲ, ಬೇರೆ ಯಂತ್ರವಿಲ್ಲ. ಫೋನಿನೊಡನೆ ಬರುವ ಸಾಧಾರಣ ನೋಟ್ಸ್ ಆ್ಯಪ್ ಅಂಧರಿಗೂ ಚೀಟಿಯಾಯಿತು.

ಬಾಯಲ್ಲಿ ಹೇಳಿದರೆ ಫೋನೇ ಬರೆದುಕೊಳ್ಳುತ್ತದಲ್ಲ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ತುಂಬಿದ ಬಸ್ಸಿನಲ್ಲಿ ನಿಂತು ನಿಮ್ಮ ಎಟಿಎಂ ಗುಟ್ಟಿನ ಸಂಖ್ಯೆಯನ್ನೋ ವೈದ್ಯರು ಹೇಳಿದ ಕಾಯಿಲೆಯ ಹೆಸರನ್ನೋ ಗಟ್ಟಿಯಾಗಿ ಉಚ್ಚರಿಸಿ ನೋಡಿ. ಧ್ವನಿಮುದ್ರಣವೂ ಅಷ್ಟೆ: ಒಂದು ಗಂಟೆಯ ಪಾಠದಲ್ಲಿ ಬೇಕಾದ ಒಂದು ಇಸವಿಗಾಗಿ ಹಿಂದೆ ಮುಂದೆ ಹುಡುಕುತ್ತ ಕೂರಬೇಕು, ಹೆಸರಿನ ಕಾಗುಣಿತವಂತೂ ಕಿವಿಗೆ ತಿಳಿಯದು. ಹೀಗಾಗಿ ಆರು ಚುಕ್ಕೆಗಳು ಗಾಜಿನ ಮೇಲೆ ಮರಳಿ ಬಂದವು. ಐಫೋನಿನಲ್ಲಿ 2014ರಿಂದ, ಟಾಕ್‌ಬ್ಯಾಕಿನಲ್ಲಿ 2020ರಿಂದ, ಪರದೆಯೇ ಬ್ರೈಲ್ ಕೀಲಿಮಣೆಯಾಗಬಲ್ಲದು. ಫೋನನ್ನು ಅಡ್ಡಲಾಗಿ ಹಿಡಿದು, ಪರದೆಯನ್ನು ಎದುರಿನವರ ಕಡೆಗೆ ತಿರುಗಿಸಿ, ಎರಡೂ ಕೈಯ ಮೂರು ಮೂರು ಬೆರಳುಗಳಿಂದ ಪರ್ಕಿನ್ಸ್ ಯಂತ್ರದಂತೆಯೇ ಒತ್ತುತ್ತಾರೆ. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಬರೆದದ್ದೂ ಓದಿದ್ದೂ ಅವರಿಗೆ ಮಾತ್ರ.

ಎಲ್ಲ ನೋಟ್ಸ್ ಆ್ಯಪ್‌ಗಳೂ ಒಂದೇ ಅಲ್ಲ. ಆ್ಯಪ್ ಮಾಡಿದವರು ಪ್ರತಿ ಗುಂಡಿಗೂ ಕಾಣದ ಒಂದು ಹೆಸರು ಬರೆದಿಡಬೇಕು. ‘ಉಳಿಸು’, ‘ಅಳಿಸು’ ಎಂದು. ಅವರು ಮರೆತರೆ ಸ್ಕ್ರೀನ್ ರೀಡರ್ ‘ಬಟನ್, ಬಟನ್, ಬಟನ್’ ಎನ್ನುತ್ತ ಹೋಗುತ್ತದೆ. ಯಾವುದು ಉಳಿಸುವುದು, ಯಾವುದು ಅಳಿಸುವುದು ಎಂದು ಒತ್ತಿಯೇ ತಿಳಿಯಬೇಕು. ಮೊನ್ನೆಯವರೆಗೆ ಸರಿಯಿದ್ದದ್ದು ಅಪ್‌ಡೇಟ್ ಆದ ಮರುದಿನ ಮೂಕವಾಗುವುದುಂಟು. ಬಣ್ಣಬಣ್ಣದ, ಚಿತ್ರ ಅಂಟಿಸುವ ಆ್ಯಪ್‌ಗಳಿಗಿಂತ ಬರಿಯ ಅಕ್ಷರಗಳ ಸಪ್ಪೆ ಆ್ಯಪೇ ಎಷ್ಟೋ ಸಲ ವಾಸಿ. ಸ್ಲೇಟಿಗೆ ಅಪ್‌ಡೇಟ್ ಇರಲಿಲ್ಲ ಎಂಬುದೂ ನೆನಪಿರಲಿ.

ಕನ್ನಡಕ್ಕೆ ಇನ್ನೊಂದು ಗಂಟಿದೆ. ಫೋನುಗಳು ಈಗ ಕನ್ನಡವನ್ನು ಓದಿ ಹೇಳುತ್ತವೆ. ಆದರೆ ಯುನಿಕೋಡ್ ರೂಢಿಯಾಗುವ ಮೊದಲು ಕಂಪ್ಯೂಟರಿನಲ್ಲಿ ಬೆರಳಚ್ಚಾದ ಕನ್ನಡ, ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷಿನ ಗುರುತುಗಳು. ಕಾಣುವವರಿಗೆ ಫಾಂಟು ಆ ಗುರುತುಗಳ ಮೇಲೆ ಕನ್ನಡದ ವೇಷ ತೊಡಿಸುತ್ತದೆ. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ. ಇದ್ದದ್ದನ್ನು ಇದ್ದಂತೆ ಓದುತ್ತದೆ, ಕೇಳಿದರೆ ಗೊಟರು. ಯುನಿಕೋಡಿನಲ್ಲಿ 1991ರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ನಮ್ಮ ಕಚೇರಿ, ಅಚ್ಚುಕೂಟಗಳು ಅಲ್ಲಿಗೆ ಬರಲು ಬಹಳ ಕಾಲ ಹಿಡಿಯಿತು. ಹಳೆಯ ಕಡತಗಳನ್ನು ಪರಿವರ್ತಿಸುವ ತಂತ್ರಾಂಶಗಳಿವೆ, ಯಾರಾದರೂ ಕೂತು ಮಾಡಬೇಕು. ಇನ್ನು ಗೆಳೆಯರು ವಾಟ್ಸಾಪಿನಲ್ಲಿ ಕಳಿಸುವ ನೋಟ್‌ಬುಕ್ಕಿನ ಫೋಟೊ. ಅಚ್ಚಿನ ಅಕ್ಷರವಾದರೆ ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶ ಕೆಲವೊಮ್ಮೆ ದಡ ಮುಟ್ಟಿಸುತ್ತದೆ. ಕೈಬರಹವಾದರೆ, ಅದೂ ಅವಸರದ ಕನ್ನಡ ಕೈಬರಹವಾದರೆ, ಪ್ರೆಸ್ಕಾಟ್‌ನ ಕಾರ್ಯದರ್ಶಿಯಂತೆ ಯಾರಾದರೂ ಪಕ್ಕದಲ್ಲಿ ಕುಳಿತು ಓದಿ ಹೇಳಬೇಕಾಗುತ್ತದೆ.