ಕುಗ್ಗಿದ ಶ್ವಾಸಕೋಶ, ಕಾಯುವ ಚಿಕಿತ್ಸೆ

ಶ್ವಾಸಕೋಶವನ್ನೂ ಎದೆಗೂಡಿನ ಒಳಮೈಯನ್ನೂ ಹೊದ್ದ ಎರಡು ತೆಳುಪೊರೆಗಳ ನಡುವೆ ಗಾಳಿ ಸೇರಿದರೆ ಶ್ವಾಸಕೋಶ ಮುದುಡುತ್ತದೆ. ಫ್ರಾನ್ಸಿನ ಇಟಾರ್ 1803ರಲ್ಲಿ ಇದಕ್ಕೆ ನ್ಯುಮೋಥೊರಾಕ್ಸ್ ಎಂದು ಹೆಸರಿಟ್ಟ. ಸ್ಟೆತಾಸ್ಕೋಪಿನ ಜನಕ ಲೆನೆಕ್ 1819ರಲ್ಲಿ ಅದರ ಲಕ್ಷಣಗಳನ್ನು ವಿವರಿಸಿದ. ನಮ್ಮ ಬಸವಕಲ್ಯಾಣ, ಹುಮನಾಬಾದುಗಳ ಕಡೆಯ ರೋಗಿ ಹೇಳುವುದು ಇಷ್ಟೆ: ಎದೆಯಲ್ಲಿ ಚುಚ್ಚಿದಂತಾಯಿತು, ದಮ್ಮು ಹತ್ತಿತು. ಒಮ್ಮೆ ವಾಸಿಯಾದವರಲ್ಲಿಯೂ ಸುಮಾರು ಮೂವರಲ್ಲೊಬ್ಬರಿಗೆ ಅದು ಮರುಕಳಿಸುವುದುಂಟು. ಆಗ ಮನೆಯವರು ಕೇಳುವ ಮೊದಲ ಪ್ರಶ್ನೆ, ಆಪರೇಷನ್ ಇಲ್ಲದೆ ಆಗದೆ ಎಂಬುದು. ಈ ಪ್ರಶ್ನೆಯನ್ನು ಹಿಡಿದು ಚರಿತ್ರೆಯನ್ನು ಕೆದಕಿದಾಗ ನನಗೊಂದು ವೈಚಿತ್ರ್ಯ ಕಂಡಿತು.

ಇಂದು ನಾವು ಅಂಜುವ ಈ ಸ್ಥಿತಿಯನ್ನು ಒಂದು ಕಾಲಕ್ಕೆ ವೈದ್ಯರೇ ಬೇಕೆಂದು ಉಂಟುಮಾಡುತ್ತಿದ್ದರು! ಕ್ಷಯಕ್ಕೆ ಔಷಧವಿಲ್ಲದ ದಿನಗಳವು. ರೋಗ ತಗುಲಿದ ಶ್ವಾಸಕೋಶವನ್ನು ಕುಗ್ಗಿಸಿ ವಿಶ್ರಾಂತಿ ಕೊಟ್ಟರೆ ಹುಣ್ಣು ಮಾಯ್ದೀತೆಂದು ಇಟಲಿಯ ಕಾರ್ಲೊ ಫೋರ್ಲಾನಿನಿ 1882ರಲ್ಲಿ ಸೂಚಿಸಿದ. ಮುಂದೆ ಸೂಜಿಯಿಂದ ಎದೆಯೊಳಗೆ ಸಾರಜನಕ ತುಂಬಿ ಅದನ್ನು ಆಚರಣೆಗೂ ತಂದ. ಮದನಪಲ್ಲಿಯ ಬಳಿಯ ಆರೋಗ್ಯವರಂ ಮೊದಲಾದ ಕ್ಷಯಧಾಮಗಳಲ್ಲಿ ಈ ಚಿಕಿತ್ಸೆ ಎ.ಪಿ. ಎಂಬ ಎರಡಕ್ಷರದಿಂದ ಪರಿಚಿತವಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಕಲ್ಯಾಣಿ ಎನಿಸಿಕೊಂಡಿದ್ದ ಇಂದಿನ ಬಸವಕಲ್ಯಾಣದವರಿಗಾಗಲಿ ಹುಮನಾಬಾದಿನವರಿಗಾಗಲಿ ಮೈಸೂರಿನ ಕ್ಷಯಧಾಮ ಪರದೇಶವಿದ್ದಂತೆ. ವಿಕಾರಾಬಾದಿನ ಅನಂತಗಿರಿ ಗುಡ್ಡದ ಆಸ್ಪತ್ರೆಯೇ ಹತ್ತಿರದ್ದು.

ಸ್ವಾರಸ್ಯವಿರುವುದು ಇನ್ನು ಮುಂದೆ. ಹಾಗೆ ತುಂಬಿದ ಗಾಳಿ ಎದೆಯಲ್ಲಿ ನಿಲ್ಲುತ್ತಿರಲಿಲ್ಲ. ದೇಹ ಅದನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತಿತ್ತು, ಶ್ವಾಸಕೋಶ ಮತ್ತೆ ಅರಳುತ್ತಿತ್ತು. ಆದುದರಿಂದ ಕೆಲವು ವಾರಗಳಿಗೊಮ್ಮೆ, ವರ್ಷಗಟ್ಟಲೆ, ರೋಗಿ ಮತ್ತೆ ಮತ್ತೆ ಸೂಜಿಗೆ ಎದೆಯೊಡ್ಡಬೇಕಾಗಿತ್ತು. ತೂತು ಮುಚ್ಚಿಕೊಂಡಿದ್ದರೆ ಗಾಳಿ ತಾನಾಗಿಯೇ ಕರಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ? 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತ ಮೇಲೆ ಎ.ಪಿ. ತೆರೆಮರೆಗೆ ಸರಿಯಿತು.

ಅಷ್ಟರಲ್ಲಿ, 1932ರಲ್ಲಿ, ಡೆನ್ಮಾರ್ಕಿನ ಹಾನ್ಸ್ ಕ್ಯೇರ್‌ಗೋರ್ ಇನ್ನೊಂದು ಭ್ರಮೆಯನ್ನು ಕಳೆದಿದ್ದ. ತಾನಾಗಿ ಶ್ವಾಸಕೋಶ ಕುಗ್ಗಿದವರೆಲ್ಲ ಕ್ಷಯರೋಗಿಗಳಲ್ಲ. ಆರೋಗ್ಯವಂತ ತರುಣರಲ್ಲಿಯೂ ಶ್ವಾಸಕೋಶದ ಮೇಲಣ ಸಣ್ಣ ಗುಳ್ಳೆಗಳು ಒಡೆದು ಹೀಗಾಗಬಹುದು. ಆದರೂ ಎದೆಗೆ ಕೊಳವೆ ಇಳಿಸುವುದೇ ಬಹುಕಾಲ ವಾಡಿಕೆಯಾಗಿ ಉಳಿಯಿತು. ಕೊನೆಗೆ 2020ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಒಂದು ಪರೀಕ್ಷೆಯ ಫಲ ಪ್ರಕಟವಾಯಿತು. ಮೊದಲ ಸಲ ಈ ತೊಂದರೆಗೆ ಸಿಕ್ಕ 316 ಜನರಲ್ಲಿ ಅರ್ಧದಷ್ಟು ಮಂದಿಗೆ ಕೊಳವೆ ಹಾಕಿ, ಉಳಿದವರನ್ನು ಕೇವಲ ನಿಗಾದಲ್ಲಿಟ್ಟು ನೋಡಿದ್ದರು. ಹಾಗೆ ಕಾದವರಲ್ಲಿ ನೂರಕ್ಕೆ 85 ಮಂದಿಗೆ ಕೊಳವೆಯ ಅಗತ್ಯವೇ ಬೀಳಲಿಲ್ಲ. ಒಂದು ವರ್ಷದೊಳಗೆ ಮರುಕಳಿಸಿದ್ದೂ ಅವರಲ್ಲೇ ಕಡಿಮೆ.

ಆದರೆ ಇದು ಮೊದಲ ಸಲದವರ ಮಾತು. ಪದೇ ಪದೇ ಕುಗ್ಗುವವರಿಗೆ ವೈದ್ಯರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಾರೆ. ಅದರ ಮುಂದೆ ಮಿಕ್ಕ ಉಪಾಯಗಳು ತುಸು ದುರ್ಬಲವೇ ಎಂಬುದನ್ನು ಮುಚ್ಚಿಡಲಾಗದು. ಶಸ್ತ್ರ ಸಲ್ಲದವರಿಗೆ, ಒಲ್ಲದವರಿಗೆ, ಕೊಳವೆಯ ಮೂಲಕ ಟಾಲ್ಕ್ ಪುಡಿಯನ್ನೋ ಡಾಕ್ಸಿಸೈಕ್ಲಿನ್ ದ್ರಾವಣವನ್ನೋ ಒಳಗೆ ಬಿಟ್ಟು ಎರಡು ಪೊರೆಗಳನ್ನು ಅಂಟಿಸುವುದುಂಟು. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ನೂ ಈ ಕೆಲಸಕ್ಕೆ ಬರುತ್ತದೆ. ಅಗ್ಗವಾದುದರಿಂದ ನಮ್ಮ ದೇಶಕ್ಕೆ ಹೊಂದಿಕೊಂಡಿದೆ. ಗಾಳಿ ಸೋರುವುದು ನಿಲ್ಲದಿದ್ದರೆ ರೋಗಿಯ ತೋಳಿನ ರಕ್ತವನ್ನೇ ತೆಗೆದು ಎದೆಯೊಳಗೆ ಬಿಡುವ ಕ್ರಮವೂ ಇದೆ. ಬೀಡಿ ಬಿಡದವನಿಗೆ ಮಾತ್ರ ಇವೆಲ್ಲ ಅರ್ಧ ಫಲ. ಹಳೆಯ ಕ್ಷಯದಿಂದ ಶ್ವಾಸಕೋಶ ಜರ್ಝರಿತವಾದವರನ್ನಂತೂ ಆ ತರುಣರಂತೆ ಮನೆಯಲ್ಲಿ ಕಾಯಿಸಲಾಗದು.

ಕಾಯುವ ಚಿಕಿತ್ಸೆಯೆಂದರೆ ಸುಮ್ಮನೆ ಕೂರುವುದಲ್ಲ. ಕ್ಷ-ಕಿರಣ ಚಿತ್ರವನ್ನು ಮತ್ತೆ ಮತ್ತೆ ತೆಗೆಯಿಸಬೇಕು, ಕರೆದೊಡನೆ ವೈದ್ಯರು ಸಿಗಬೇಕು. ಬೀದರಿನಲ್ಲಿ 2007ರಲ್ಲಿ ವೈದ್ಯಕೀಯ ಕಾಲೇಜು ಬಂದಿದೆ. ಹುಮನಾಬಾದಿಗೆ ರೈಲೂ ಉಂಟು. ಅಲ್ಲಿಂದ ಬೀದರಿಗೆ ಸುಮಾರು 50 ಕಿಲೋಮೀಟರು. ಬಸವಕಲ್ಯಾಣದವರಿಗೆ ಇನ್ನೂ ಮೂವತ್ತು ಹೆಚ್ಚು. ಶಸ್ತ್ರ ಬೇಡವೆಂದು ನಿರ್ಧರಿಸುವ ಮುನ್ನ ಈ ದೂರವನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ನನ್ನ ಅಭಿಪ್ರಾಯ. ಏಕೆಂದರೆ ಕೆಲವೊಮ್ಮೆ ಒಳನುಗ್ಗಿದ ಗಾಳಿ ಹೊರಬರಲಾರದೆ ಹೃದಯವನ್ನೇ ಒತ್ತುತ್ತದೆ. ತುಟಿ ನೀಲಿಗಟ್ಟಿ, ಮಾತಾಡಲು ಉಸಿರು ಸಾಲದಾದಾಗ ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ.