ಹೊಳೆ ಅಣ್ಣನಿಗೂ ಇತ್ತು

ಬೆಳಗಿನ ಪಾಳಿಯ ಹೊತ್ತಿಗೆ ನಮ್ಮ ಹೆಬ್ಬಗೋಡಿಯಲ್ಲಿ ಹೊಸೂರು ರಸ್ತೆಯ ಅಂಚಿಗೆ ಈಗಲೂ ಸೈಕಲ್ಲುಗಳು ಕಾಣುತ್ತವೆ. ಹ್ಯಾಂಡಲ್ಲಿಗೆ ಊಟದ ಡಬ್ಬಿಯ ಚೀಲ ತೂಗುಹಾಕಿಕೊಂಡು ಬೊಮ್ಮಸಂದ್ರದ ಕಾರ್ಖಾನೆಗಳ ಕಡೆ ಹೊರಟವರು. 2025ರ ಆಗಸ್ಟಿನಿಂದ ಅವರ ತಲೆಯ ಮೇಲೆ ಮೆಟ್ರೋ ಓಡುತ್ತಿದೆ. ಆ ಸೈಕಲ್ಲುಗಳಲ್ಲಿ ಹೆಂಗಸರವು ಎಷ್ಟು ಎಂದು ಎಣಿಸುವುದು ನನ್ನ ಹಳೆಯ ಚಾಳಿ. ಲೆಕ್ಕ ಒಂದು ಕೈಬೆರಳುಗಳನ್ನು ದಾಟುವುದು ಅಪರೂಪ.

ನಾನಾದರೂ ಸೈಕಲ್ ಕಲಿತದ್ದು ಮೂವತ್ತೇಳನೆಯ ವಯಸ್ಸಿನಲ್ಲಿ. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಬಂತಲ್ಲ, ಆಗ. ಕಮ್ಮಸಂದ್ರ, ತಿರುಪಾಳ್ಯದ ಕಡೆಯಿಂದ ನಡೆದು ಬರುತ್ತಿದ್ದ ಹುಡುಗಿಯರು ಸೈಕಲ್ಲಿನ ಮೇಲೆ ಬರತೊಡಗಿದರು. ಒಂದು ಸಂಜೆ ಆಸೆ ತಡೆಯಲಾರದೆ, "ನನಗೂ ಹೇಳಿಕೊಡ್ರೇ" ಎಂದೆ. ಸೀರೆಯ ಸೆರಗು ಸಿಕ್ಕಿಸಿಕೊಂಡು ಶಾಲೆಯ ಮೈದಾನದಲ್ಲಿ ಎರಡು ಸಲ ಬಿದ್ದೆ. ಕ್ಯಾರಿಯರ್ ಹಿಡಿದು ಹಿಂದೆ ಓಡಿ ಬಂದವರು ನನ್ನ ವಿದ್ಯಾರ್ಥಿನಿಯರೇ.

2023ರ ಡಿಸೆಂಬರಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಮಗಳು, "ಅಮ್ಮಾ, ನಿನ್ನ ಕರಾವಳಿಯನ್ನು ಸೈಕಲ್ಲಿನಲ್ಲಿ ನೋಡೋಣ" ಎಂದಳು. ಯಜಮಾನರು, "ಮೊಣಕಾಲಿಗೆ ವಿಮೆ ಮಾಡಿಸಿದ್ದೀಯಾ?" ಎಂದು ಕೇಳಿದರು. ಸೈಕಲ್ಲುಗಳನ್ನು ರೈಲಿಗೆ ಹಾಕಿ ಮಂಗಳೂರಿನಲ್ಲಿ ಇಳಿದೆವು. ಅಲ್ಲಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರು. ದಿನಕ್ಕೆ ಐವತ್ತರಂತೆ ಹೋಗುವುದೆಂದು ಗೊತ್ತುಮಾಡಿಕೊಂಡೆವು.

ಹೆಣ್ಣು ಸೈಕಲ್ಲಿನಲ್ಲಿ ದೂರ ಹೋಗುವುದು ಇಂದಿನ ಮಾತಲ್ಲ. ಎರಡೂ ಗಾಲಿ ಒಂದೇ ಅಳತೆಯ, ಚೈನಿನ ಸೈಕಲ್ 1885ರಲ್ಲಿ ಇಂಗ್ಲೆಂಡಿನಲ್ಲಿ ಬಂತು; 1888ರಲ್ಲಿ ಡನ್ಲಪ್ ಗಾಳಿ ತುಂಬಿದ ಟೈರು ಮಾಡಿದ. ಅದಾಗಿ ಹತ್ತು-ಹನ್ನೆರಡು ವರ್ಷಗಳೊಳಗೆ ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಎಂಬಾಕೆ ಗಂಡನ ಜೊತೆ ಇಂಡಿಯಾವನ್ನೇ ಸೈಕಲ್ಲಿನಲ್ಲಿ ಸುತ್ತಿದಳು. ಇಬ್ಬರೂ 1904ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರಿನಲ್ಲೇ 14 ಸಾವಿರ ಮೈಲಿಯ ಲೆಕ್ಕವಿದೆ. ನಮ್ಮ ಪಕ್ಕದ ತಮಿಳುನಾಡಿನ ಪುದುಕ್ಕೋಟೆಯಲ್ಲಿ 1991ರ ಸುಮಾರಿಗೆ ಅಕ್ಷರ ಕಲಿಸುವ ಚಳವಳಿಯ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಆಗ ಅಲ್ಲಿ ಕಲೆಕ್ಟರ್ ಆಗಿದ್ದವರು ಶೀಲಾ ರಾಣಿ ಚುಂಕತ್.

ನಮ್ಮ ಕರಾವಳಿಯಲ್ಲಿ ಮಾತ್ರ ಸೈಕಲ್ಲಿಗೆ ದೊಡ್ಡ ತೊಡಕು ಹೊಳೆಗಳದು. ಗುರುಪುರ, ಶಾಂಭವಿ, ಉದ್ಯಾವರ, ಸ್ವರ್ಣಾ, ಸೀತಾ, ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂದು ನಾವು ದಾಟುತ್ತಲೇ ಹೋದೆವು. ಘಟ್ಟದಿಂದ ಇಳಿದು ಬರುವ ಒಂದೊಂದೂ ಕಡಲ ಬಳಿ ಅಗಲವಾಗಿ ಹರಡಿಕೊಳ್ಳುತ್ತದೆ. ಸೇತುವೆಗಳು ಬರುವ ತನಕ ಪ್ರತಿ ಹೊಳೆಯಲ್ಲೂ ಇಳಿದು, ದೋಣಿಗೆ ಕಾದು, ಮತ್ತೆ ಹತ್ತಬೇಕು. ಮೇಲಾಗಿ 1862ರಿಂದ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ, ದಕ್ಷಿಣ ಕನ್ನಡ ಮದರಾಸಿಗೆ. ಬೈಂದೂರು ಒಂದು ಸರ್ಕಾರ, ಭಟ್ಕಳ ಇನ್ನೊಂದು. 1956ರ ನವೆಂಬರ್ 1ರಂದು ಮತ್ತೆ ಎರಡೂ ಒಂದೇ ರಾಜ್ಯಕ್ಕೆ ಸೇರಿದವು.

ಈ ಪಾಠವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಮಾಡಿದ್ದೇನೆ. ಉದಾಹರಣೆಗೆ ನಮ್ಮ ಮನೆಯದೇ ಕಥೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ನನ್ನ ತವರು ಹೊಳೆಯ ಆಚೆ, ಹೈಸ್ಕೂಲು ಈಚೆ. ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ 1977ರಲ್ಲಿ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟಳು. ನಾನು ಸೋದರಮಾವನ ಮನೆಯಲ್ಲಿ ಇದ್ದು ಬಿ.ಎ., ಬಿ.ಎಡ್. ಮಾಡಿದೆ. "ನೋಡಿ ಮಕ್ಕಳೇ, ಒಂದು ಸೇತುವೆ ಇಲ್ಲದಿದ್ದರೆ ಒಬ್ಬಳ ಓದು ಹೇಗೆ ನಿಂತುಹೋಗುತ್ತದೆ" ಎಂದು ಪಾಠ ಮುಗಿಸುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ನಾವುಂದದಲ್ಲಿ ಅಕ್ಕನ ಮನೆಗೆ ಹೋದೆವು. ಅಂಗಳದಲ್ಲಿ ಮೀನು ಒಣಹಾಕಿದ್ದಳು. ಬೆವರಿ ಕೆಂಪಾಗಿದ್ದ ನಮ್ಮ ಮುಖ ನೋಡಿ ನಕ್ಕು, ಗಂಜಿ ಬಡಿಸಿದಳು. ಊಟ ಮಾಡುತ್ತ ಮಗಳಿಗೆ ನಾನು ಅದೇ ಪಾಠ ಒಪ್ಪಿಸಿದೆ: ಹೊಳೆ ಅಡ್ಡವಿತ್ತು, ದೊಡ್ಡಮ್ಮನ ಓದು ನಿಂತಿತು ಎಂದು. ಉಪ್ಪಿನಕಾಯಿ ಹಾಕುತ್ತಿದ್ದ ಅಕ್ಕನ ಕೈ ನಿಂತಿತು.

"ಅಣ್ಣಂಗೂ ಅದೇ ಹೊಳಿ ಅಲ್ದಾ ಹೆಣೆ? ಅಪ್ಪ ಅವ್ನಿಗ್ ಸೈಕಲ್ ತಕ್ಕೊಟ್ರ್. ಅವ್ನ್ ಅದನ್ನ ದೋಣಿ ಹತ್ಸ್ಕಂಡ್ ಹೋದ. ನಂಗ್ ಅಡ್ಡ ಬಂದದ್ ಹೊಳಿ ಅಲ್ಲ."

ನನಗೆ ತುತ್ತು ಇಳಿಯಲಿಲ್ಲ. ಅಣ್ಣ ನಮ್ಮಿಬ್ಬರ ನಡುವಿನವನು. ಅಪ್ಪ ಅವನಿಗೆ ಅಟ್ಲಾಸ್ ತಂದ ದಿನ ನನಗೆ ನೆನಪಿದೆ. ಕುಂಕುಮ ಹಚ್ಚಿ ಪೂಜೆ ಮಾಡಿದ್ದೆವು. ಆ ಹೊತ್ತಿಗೆ ಅಕ್ಕ ಎಲ್ಲಿದ್ದಳೆಂಬುದು ನೆನಪಿಲ್ಲ. ಇತಿಹಾಸದ ಟೀಚರಾಗಿ ಮೂವತ್ತು ವರ್ಷ ಕಳೆದರೂ ಮನೆಯ ಇತಿಹಾಸವನ್ನು ನಾನು ಅಪ್ಪನ ಕಡೆಯಿಂದಲೇ ಹೇಳುತ್ತ ಬಂದಿದ್ದೆ. ಹೊಳೆಯ ಮೇಲೆ ತಪ್ಪು ಹೊರಿಸಿದರೆ ಯಾರಿಗೂ ನೋವಾಗುವುದಿಲ್ಲವಲ್ಲ.

ಹೊರಡುವಾಗ ಅಕ್ಕ ನನ್ನ ಸೈಕಲ್ಲಿನ ಬೆಲ್ ಬಾರಿಸಿ ನೋಡಿದಳು. ಆಮೇಲೆ ಸೀಟಿನ ಮೇಲೆ ಕೂತಳು. "ಹಿಡ್ಕೋ ಮಾರಾಯ್ತಿ, ಬಿಡ್ಬೇಡ" ಎಂದಳು. ನಾನೊಂದು ಕಡೆ, ಮಗಳೊಂದು ಕಡೆ ಹಿಡಿದೆವು. ತುಳಸಿಕಟ್ಟೆಗೆ ಒಂದು ಸುತ್ತು ಬಂದು ಇಳಿದಳು. "ಸಾಕ್" ಎಂದು ಒಳಗೆ ಹೋಗಿ ನಮಗೆ ಕಟ್ಟಿಕೊಡಲು ಚಕ್ಕುಲಿ ತಂದಳು.

ಮುಂದಿನ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಅಕ್ಕನ ಮಾತೇ. ಇದು ಹೆಂಗಸರು ಆಳಿದ ಕರಾವಳಿ. ಉಳ್ಳಾಲದ ಅಬ್ಬಕ್ಕ ಪೋರ್ಚುಗೀಸರಿಗೆ ತಲೆಬಾಗಲಿಲ್ಲ. ಶರಾವತಿಯ ದಡದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರೇ ಕರಿಮೆಣಸಿನ ರಾಣಿ ಎಂದು ಕರೆದರು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಜಾಗ ಬೇಕೆಂದು ಗಾಂಧೀಜಿಯನ್ನೇ ಒತ್ತಾಯಿಸಿದರು. ಇಂಥ ನೆಲದಲ್ಲೇ ನನ್ನ ಅಕ್ಕನಿಗೆ ನಾಲ್ಕು ಮೈಲಿಯ ದಾರಿ ಸಿಗಲಿಲ್ಲ. ರಾಣಿಯರ ಹೆಸರು ಬಾಯಿಪಾಠ ಮಾಡಿಸುವುದು ಸುಲಭ, ಮಗಳಿಗೊಂದು ಸೈಕಲ್ ಕೊಡಿಸುವುದು ಕಷ್ಟವೇನೋ.

ಆರನೆಯ ದಿನ ಕಾಳಿ ನದಿಯ ಸೇತುವೆಯ ಮೇಲೆ ನಿಂತು ಕಡಲು ನೋಡಿದೆವು. ಪಕ್ಕದ ಹಳೆಯ ಸೇತುವೆ 1983ರದು. ಮರುವರ್ಷ, 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿದು ಲಾರಿಯೊಂದು ಹೊಳೆಗೆ ಬಿದ್ದಿತು. ಸುದ್ದಿ ಕೇಳಿ ಅಕ್ಕನಿಗೆ ಫೋನು ಮಾಡಿದೆ. "ಸೇತುವೆ ಬಿದ್ದರೆ ಇನ್ನೊಂದು ಕಟ್ತಾರೆ ಬಿಡು" ಎಂದಳು.

ಈಗಲೂ ನಾನು ಹೊಳೆ-ಸೇತುವೆಗಳ ಪಾಠ ಮಾಡುತ್ತೇನೆ. ಕೊನೆಯ ವಾಕ್ಯ ಮಾತ್ರ ಬದಲಾಗಿದೆ. "ಸೇತುವೆ ಇಲ್ಲದಾಗ ನಿಮ್ಮ ಮನೆಯಲ್ಲಿ ಯಾರು ಯಾರು ಹೊಳೆ ದಾಟಿದರು, ಯಾರು ಮನೆಯಲ್ಲೇ ಉಳಿದರು? ಅಜ್ಜಿಯನ್ನು ಕೇಳಿಕೊಂಡು ಬನ್ನಿ" ಎನ್ನುತ್ತೇನೆ. ಇಲ್ಲಿ ಹೊಳೆ ಇಲ್ಲವಲ್ಲ ಟೀಚರ್ ಎನ್ನುತ್ತಾರೆ ಮಕ್ಕಳು. ಹಾಗಾದರೆ ಹೊಸೂರು ರಸ್ತೆ ದಾಟಿದ್ದನ್ನೇ ಕೇಳಿ ಎನ್ನುತ್ತೇನೆ.