ಗೊಂಬೆಗಳಿಗೂ ಪಾಸ್‌ಪೋರ್ಟ್ ಇತ್ತು

1927ರ ಮಾರ್ಚ್ 3, ಜಪಾನಿನ ಹೆಣ್ಣುಮಕ್ಕಳ ಹಬ್ಬ ಹಿನಮತ್ಸುರಿ. ಅಂದು ಮನೆಮನೆಯಲ್ಲೂ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ಗೊಂಬೆ ಕೂರಿಸುತ್ತಾರೆ. ಎಲ್ಲಕ್ಕಿಂತ ಮೇಲೆ ಚಕ್ರವರ್ತಿ ಮತ್ತು ಸಾಮ್ರಾಜ್ಞಿ. ಆ ವರ್ಷ ಹಬ್ಬಕ್ಕೆ ಹೊರಗಿನ ಅತಿಥಿಗಳೂ ಬಂದಿದ್ದರು. ಅಮೆರಿಕದ ಮಕ್ಕಳು ಹಡಗು ಹತ್ತಿಸಿ ಕಳಿಸಿದ ನೀಲಿ ಕಣ್ಣಿನ ಗೊಂಬೆಗಳು, ಒಟ್ಟು 12,739. ಒಂದೊಂದಕ್ಕೂ ಒಂದು ಹೆಸರು, ಒಂದು ಪ್ರಯಾಣದ ಟಿಕೆಟ್, ಒಂದು ಪುಟ್ಟ ಪಾಸ್‌ಪೋರ್ಟ್, ಜೊತೆಗೆ ಕಳಿಸಿದ ಮಕ್ಕಳ ಒಂದು ಕಾಗದ. ಟೋಕಿಯೋದ ಸ್ವಾಗತ ಸಮಾರಂಭ ಮುಗಿದ ಮೇಲೆ ಅವನ್ನು ದೇಶದ ಉದ್ದಗಲದ ಪ್ರಾಥಮಿಕ ಶಾಲೆಗಳಿಗೂ ಶಿಶುವಿಹಾರಗಳಿಗೂ ಹಂಚಿದರು.

ನಾನು ಪ್ರಾಥಮಿಕ ಶಾಲೆಯಲ್ಲಿ ಮೂರು, ನಾಲ್ಕನೆಯ ತರಗತಿಗಳಿಗೆ ಪಾಠ ಹೇಳಿದವಳು. ಬೇರೆ ದೇಶದ ರಾಜಧಾನಿ, ನದಿ, ಬೆಳೆ ಎಂದು ಎಷ್ಟು ಓದಿಸಿದರೂ ಮಕ್ಕಳ ಮುಖದಲ್ಲಿ ಚಲನೆ ಕಾಣುವುದಿಲ್ಲ. ಆ ದೇಶದ ಒಂದು ಮಗುವಿನ ಫೋಟೋ ತೋರಿಸಿ ನೋಡಿ, ಆಗ ಪ್ರಶ್ನೆಗಳು ಮುಗಿಯುವುದೇ ಇಲ್ಲ. "ಮಿಸ್, ಇವಳ ಹೆಸರೇನು?" "ಬೆಳಿಗ್ಗೆ ಏನು ತಿಂತಾಳೆ?" "ಅವಳಿಗೂ ತಮ್ಮ ಇದಾನಾ?" ಗೊಂಬೆಗೆ ಹೆಸರಿಟ್ಟು ಪಾಸ್‌ಪೋರ್ಟ್ ಮಾಡಿಸಿದವರು ಮಕ್ಕಳನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಈ ಕೆಲಸದ ಹಿಂದೆ ಇದ್ದವರು ಸಿಡ್ನಿ ಗ್ಯುಲಿಕ್. ಮಿಷನರಿಯಾಗಿ 1888ರಲ್ಲಿ ಜಪಾನಿಗೆ ಹೋಗಿ, ಸುಮಾರು ಇಪ್ಪತ್ತೈದು ವರ್ಷ ಅಲ್ಲಿ ಬಾಳಿ, ಪಾಠ ಹೇಳಿದವರು. ಅವರು ಅಮೆರಿಕಕ್ಕೆ ಮರಳಿದಾಗ ಅಲ್ಲಿ ಜಪಾನೀಯರ ಮೇಲೆ ದ್ವೇಷ ಹೆಚ್ಚುತ್ತಿತ್ತು. 1924ರ ವಲಸೆ ಕಾಯ್ದೆ ಜಪಾನಿನಿಂದ ಬರುವವರಿಗೆ ಬಾಗಿಲನ್ನೇ ಮುಚ್ಚಿತು. ಕಾಯ್ದೆಯ ವಿರುದ್ಧ ಗ್ಯುಲಿಕ್ ಬರೆದರು, ಭಾಷಣ ಮಾಡಿದರು, ಫಲ ಸಿಗಲಿಲ್ಲ. ದೊಡ್ಡವರನ್ನು ಒಪ್ಪಿಸಲಾಗದ ಮೇಲೆ ಅವರು ಮಕ್ಕಳ ಕಡೆಗೆ ತಿರುಗಿದರು. ಚರ್ಚುಗಳ ಒಕ್ಕೂಟದ ಆಶ್ರಯದಲ್ಲಿ ಮಕ್ಕಳ ವಿಶ್ವಸ್ನೇಹಕ್ಕಾಗಿ ಒಂದು ಸಮಿತಿ ಹುಟ್ಟಿತು. ಊರೂರಿನ ತರಗತಿಗಳು, ಭಾನುವಾರದ ಶಾಲೆಗಳು ದುಡ್ಡು ಕೂಡಿಸಿ ಗೊಂಬೆ ಕೊಂಡವು. ಮಲಗಿಸಿದರೆ ಕಣ್ಣು ಮುಚ್ಚುವ, ಅಲುಗಿಸಿದರೆ "ಮಾಮಾ" ಎನ್ನುವ ಗೊಂಬೆಗಳು. ಅವುಗಳ ಬಟ್ಟೆಯನ್ನು ಹುಡುಗಿಯರು ಕೈಯಾರೆ ಹೊಲಿದರು.

ಜಪಾನಿನಲ್ಲಿ ಇದರ ಹೊಣೆ ಹೊತ್ತವರು ಉದ್ಯಮಿ ಶಿಬುಸಾವಾ ಎಯಿಚಿ. ಹುಟ್ಟಿದ್ದು 1840ರಲ್ಲಿ, ಆಗಲೇ ಎಂಬತ್ತು ದಾಟಿದ ಹಿರಿಯರು. 2024ರಿಂದ ಜಪಾನಿನ ಹತ್ತು ಸಾವಿರ ಯೆನ್ ನೋಟಿನ ಮೇಲೆ ಇರುವುದು ಇವರದೇ ಮುಖ. ಬಂದ ಉಡುಗೊರೆಗೆ ಪ್ರತಿಯಾಗಿ ಏನೂ ಕೊಡದೆ ಇರುವುದು ಅವರಿಗೆ ಸರಿ ಎನಿಸಲಿಲ್ಲ. ಗೊಂಬೆ ಬಂದ ಶಾಲೆಗಳ ಮಕ್ಕಳು ಒಂದೊಂದು ಸೆನ್, ಅಂದರೆ ಯೆನ್ನಿನ ನೂರನೆಯ ಒಂದು ಪಾಲು, ಕೊಟ್ಟರು. ಹಾಗೆ ಕೊಟ್ಟವರು ಸುಮಾರು 26 ಲಕ್ಷ ಮಂದಿ. ಆ ಹಣದಿಂದ ನುರಿತ ಕುಶಲಕರ್ಮಿಗಳು 58 ಗೊಂಬೆಗಳನ್ನು ಮಾಡಿದರು. ಒಂದೊಂದೂ ಹತ್ತಿರ ಹತ್ತಿರ ಎರಡು ಮುಕ್ಕಾಲು ಅಡಿ ಎತ್ತರ. ಸಿಂಪಿಯ ಚಿಪ್ಪಿನ ಪುಡಿಯನ್ನು ಪದರ ಪದರವಾಗಿ ಬಳಿದು ನುಣುಪು ಮಾಡಿದ ಮುಖ, ಗಾಜಿನ ಕಣ್ಣು, ರೇಷ್ಮೆಯ ಕಿಮೋನೊ, ಪುಟ್ಟ ಚಹಾದ ಪಾತ್ರೆಗಳು, ಲಾಂದ್ರಗಳು. ಪ್ರಾಂತ್ಯಗಳ, ನಗರಗಳ ಹೆಸರು ಹೊತ್ತು ಅವು 1927ರ ನವೆಂಬರ್‌ನಲ್ಲಿ ಹಡಗು ಹತ್ತಿದವು. ಅಮೆರಿಕದ ಊರುಗಳನ್ನು ಸುತ್ತಿದ ಮೇಲೆ ಅಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ ನೆಲೆ ನಿಂತವು. ಮಿಸ್ ಕ್ಯೋಟೋ ಬಾಸ್ಟನ್ನಿನಲ್ಲಿ, ಮಿಸ್ ನಾಗಾಸಾಕಿ ರಾಚೆಸ್ಟರಿನಲ್ಲಿ.

ಕತೆ ಇಲ್ಲಿಗೇ ನಿಂತಿದ್ದರೆ ಶಾಲಾ ವಾರ್ಷಿಕೋತ್ಸವದಲ್ಲಿ ಹೇಳಬಹುದಾದ ಸವಿಗತೆಯಾಗುತ್ತಿತ್ತು. ಶಿಬುಸಾವಾ 1931ರಲ್ಲಿ ತೀರಿಕೊಂಡರು. ಅದೇ ವರ್ಷ ಜಪಾನಿನ ಸೇನೆ ಮಂಚೂರಿಯಾಕ್ಕೆ ನುಗ್ಗಿತು. ಹತ್ತು ವರ್ಷದ ಮೇಲೆ ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ದಾಳಿ. 1943ರ ಹೊತ್ತಿಗೆ ನೀಲಿ ಕಣ್ಣಿನ ಗೊಂಬೆಗಳನ್ನು ಶತ್ರುವಿನ ಗೊಂಬೆಗಳೆಂದು ಪತ್ರಿಕೆಗಳು ಸಾರಿದವು. ಅವೊಮೊರಿ ಪ್ರಾಂತ್ಯದ ಒಂದು ಶಾಲೆಯಲ್ಲಿ ಗೊಂಬೆಯನ್ನು ಏನು ಮಾಡಬೇಕೆಂದು ಮಕ್ಕಳನ್ನೇ ಕೇಳಿದರು. ಸುಡಬೇಕು ಎಂದರು ಕೆಲವರು, ಒಡೆದುಹಾಕಬೇಕು ಎಂದರು ಕೆಲವರು, ಸಮುದ್ರಕ್ಕೆ ಎಸೆಯಬೇಕು ಎಂದವರೂ ಇದ್ದರು. ಎಷ್ಟೋ ಶಾಲೆಗಳಲ್ಲಿ ಆದದ್ದೂ ಅದೇ. ಹಾಡು ಹೇಳಿ ಬರಮಾಡಿಕೊಂಡ ಅಂಗಳದಲ್ಲೇ ಗೊಂಬೆಗಳು ಉರಿದುಹೋದವು.

ಇದನ್ನು ಕೇಳಿದವರು ಸಾಮಾನ್ಯವಾಗಿ ಒಂದು ಮಾತಿನಲ್ಲಿ ಮುಗಿಸುತ್ತಾರೆ: ಮಕ್ಕಳಾಟದಿಂದ ಯುದ್ಧ ನಿಲ್ಲುತ್ತದೆಯೇ? ನನಗೆ ಆ ಮಾತು ಒಪ್ಪಿಗೆಯಿಲ್ಲ. ಶಾಲೆಯ ಲೆಕ್ಕದಲ್ಲಿ ಯೋಚಿಸಿ ನೋಡಿ. 1927ರಲ್ಲಿ ಗೊಂಬೆಯನ್ನು ಎತ್ತಿಕೊಂಡ ಏಳು ವರ್ಷದ ಹುಡುಗಿಗೆ 1943ರಲ್ಲಿ ಇಪ್ಪತ್ಮೂರು. ಅವಳು ಶಾಲೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಸುಡಬೇಕು ಎಂದು ಕೈಯೆತ್ತಿದವರು ಗೊಂಬೆ ಬಂದಾಗ ಇನ್ನೂ ಹುಟ್ಟಿಯೇ ಇರಲಿಲ್ಲ. ಅವರ ಹೆಸರಿಗೆ ಯಾವ ಕಾಗದವೂ ಬಂದಿರಲಿಲ್ಲ. ಅವರು ಯಾರಿಗೂ ಒಂದು ಸೆನ್ ಕೊಟ್ಟಿರಲಿಲ್ಲ. ಗಾಜಿನ ಬೀರುವಿನಲ್ಲಿದ್ದ ಗೊಂಬೆ ಅವರ ಪಾಲಿಗೆ ಶಾಲೆಯ ಹಳೆಯ ಸಾಮಾನು. ಅದರ ಬಗ್ಗೆ ಅವರಿಗೆ ಯಾರಾದರೂ ಏನಾದರೂ ಹೇಳಿಕೊಟ್ಟಿದ್ದರೆ, ಅದು ದ್ವೇಷವನ್ನೇ. ಹೇಳಿಕೊಟ್ಟದ್ದನ್ನು ಮಕ್ಕಳು ಒಪ್ಪಿಸಿದರು.

ತಪ್ಪಿದ್ದು ಇಲ್ಲಿ. ಅಷ್ಟು ದೊಡ್ಡ ವಿನಿಮಯ ಒಂದೇ ಒಂದು ಸಲ ನಡೆದು ಮುಗಿಯಿತು. ಹೋಗುವಾಗ ಒಂದು ಕಾಗದ, ಬರುವಾಗ ಒಂದು ಗೊಂಬೆ. ಆಮೇಲೆ ವರ್ಷ ವರ್ಷ ತರಗತಿಯಿಂದ ತರಗತಿಗೆ ಓಲೆ ಓಡಾಡುವ ಏರ್ಪಾಡು ಉಳಿಯಲಿಲ್ಲ. ಗ್ಯುಲಿಕ್ ಅವರ ಸಮಿತಿಯೂ ಮುಂದೆ ಮೆಕ್ಸಿಕೋದ ಮಕ್ಕಳಿಗೆ ಶಾಲಾ ಚೀಲ, ಫಿಲಿಪೀನ್ಸ್‌ನ ಮಕ್ಕಳಿಗೆ ಉಡುಗೊರೆಯ ಪೆಟ್ಟಿಗೆ ಎಂದು ಹೊಸ ದೇಶಗಳ ಕಡೆಗೆ ಹೊರಟಿತು. ಹಿಂದಿನ ವರ್ಷದವರು ಮಗ್ಗಿ ಕಲಿತರೆಂದು ಈ ವರ್ಷದವರಿಗೆ ಕಲಿಸದೆ ಬಿಡುತ್ತೇವೆಯೇ? ಸ್ನೇಹದ ವಿಷಯದಲ್ಲಿ ಮಾತ್ರ ಹಾಗೆ ಬಿಟ್ಟುಬಿಡುತ್ತೇವೆ.

ಆದರೂ ಎಲ್ಲವೂ ಸುಟ್ಟುಹೋಗಲಿಲ್ಲ. ಕೆಲವು ಶಾಲೆಗಳಲ್ಲಿ ಗೊಂಬೆಗಳನ್ನು ಅಟ್ಟದಲ್ಲಿ, ಬೀರುಗಳ ಹಿಂದೆ, ಉಗ್ರಾಣದ ಮೂಲೆಯಲ್ಲಿ ಬಚ್ಚಿಟ್ಟರು. ಸಿಕ್ಕಿಬಿದ್ದರೆ ದೇಶದ್ರೋಹಿ ಎನಿಸಿಕೊಳ್ಳುವ ಕಾಲ ಅದು. ಹಾಗೆ ಉಳಿದ ಗೊಂಬೆಗಳು ಯುದ್ಧ ಮುಗಿದು ದಶಕಗಳ ಮೇಲೆ ಒಂದೊಂದಾಗಿ ಬೆಳಕಿಗೆ ಬಂದವು. ಇವತ್ತು ಅಂಥವು ಮುನ್ನೂರಕ್ಕೂ ಹೆಚ್ಚು. ಬಚ್ಚಿಟ್ಟವರಲ್ಲಿ ಶಿಕ್ಷಕರೂ ಇದ್ದರು ಎಂಬುದು ನನಗೆ ದೊಡ್ಡ ಹೆಮ್ಮೆ. ಗ್ಯುಲಿಕ್ 1945ರ ಕೊನೆಯಲ್ಲಿ ತೀರಿಕೊಂಡರು. ಗೊಂಬೆಗಳು ಉಳಿದ ಸುದ್ದಿ ಅವರನ್ನು ಮುಟ್ಟಲಿಲ್ಲ. 1980ರ ದಶಕದಿಂದ ಅವರ ಮೊಮ್ಮಗ ಜಪಾನಿನ ಶಾಲೆಗಳಿಗೆ ಮತ್ತೆ ಹೊಸ ಗೊಂಬೆಗಳನ್ನು ಕಳಿಸತೊಡಗಿದರು.

ಇದೇ ಜಪಾನಿನ ಮಕ್ಕಳ ಇನ್ನೊಂದು ಕತೆ ನಮ್ಮ ನೆಲಕ್ಕೇ ಸೇರುತ್ತದೆ. ಟೋಕಿಯೋದ ಉಎನೋ ಮೃಗಾಲಯದ ಮೂರು ಆನೆಗಳು 1943ರಲ್ಲಿ, ಅಧಿಕಾರಿಗಳ ಆಜ್ಞೆಯಂತೆ, ಮೇವಿಲ್ಲದೆ ಸತ್ತವು. ಯುದ್ಧ ಮುಗಿದ ಮೇಲೆ ಆ ನಗರದ ಮಕ್ಕಳು ಆನೆ ಬೇಕೆಂದು ಹಟ ಹಿಡಿದರು. ತಮ್ಮದೇ ಸಭೆಯಲ್ಲಿ ಚರ್ಚಿಸಿ, ನೂರಾರು ಓಲೆಗಳನ್ನು ನೆಹರೂ ಅವರಿಗೆ ಬರೆದರು. ನೆಹರೂ ಮೈಸೂರು ಸೀಮೆಯ ಒಂದು ಹೆಣ್ಣಾನೆಯನ್ನು ಆರಿಸಿ, ಮಗಳ ಹೆಸರನ್ನೇ ಇಟ್ಟು, 1949ರಲ್ಲಿ ಕಳಿಸಿಕೊಟ್ಟರು. ಇದು ತನ್ನ ಉಡುಗೊರೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಟ್ಟದ್ದು ಎಂದು ಜೊತೆಗಿನ ಓಲೆಯಲ್ಲಿ ಬರೆದರು. ಇಂದಿರಾ ಎಂಬ ಆ ಆನೆ ಪಳಗಿದ್ದು ಕನ್ನಡದಲ್ಲಿ. ಬೇರೆ ಮಾತು ಅದಕ್ಕೆ ತಿಳಿಯದು. ಜೊತೆಗೆ ಹೋದ ಮಾವುತರಿಂದ ಉಎನೋದ ಪಾಲಕರು ಕನ್ನಡದ ಆಜ್ಞೆಗಳನ್ನು ಕಲಿತರು. 1983ರಲ್ಲಿ ಸಾಯುವವರೆಗೆ ಅದು ಅಲ್ಲಿಯ ಮಕ್ಕಳ ಆನೆಯಾಗಿ ಬಾಳಿತು. ಆ ಓಲೆ ಬರೆದವರು ಯುದ್ಧಕಾಲದ ಶಾಲೆಗಳಲ್ಲಿ ದ್ವೇಷದ ಪಾಠ ಕೇಳಿ ಬೆಳೆದವರೇ ಎಂಬುದನ್ನು ಮರೆಯಬಾರದು. ಅವರು ತಮ್ಮ ಕೈಯಾರೆ ಒಂದು ಓಲೆ ಬರೆದರು, ಅದಕ್ಕೆ ಉತ್ತರವೂ ಬಂತು, ಅಷ್ಟು ಸಾಕಾಯಿತು.

ಈಗ ತರಗತಿಗಳು ಪರದೆಯ ಮೇಲೆ ಒಂದನ್ನೊಂದು ನೋಡಿ ಕೈ ಬೀಸಬಹುದು. ಹಡಗಿನ ಖರ್ಚಿಲ್ಲ, ಪಾಸ್‌ಪೋರ್ಟಿನ ಗೊಡವೆಯಿಲ್ಲ. ಆದರೆ ಒಂದು ದಿನ ಹಾಗೆ ಕೈ ಬೀಸಿ, ಫೋಟೋ ತೆಗೆದು, ಶಾಲೆಯ ಗೋಡೆಗೆ ಹಚ್ಚಿದರೆ ಅದು ಬೀರುವಿನ ಗೊಂಬೆಯೇ ಆಗುತ್ತದೆ. ಇಂಥ ಕೆಲಸಕ್ಕೆ ಕೈಹಾಕುವ ಶಿಕ್ಷಕರಿಗೆ ನಾನು ಹೇಳುವುದಿಷ್ಟು. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳು ಬಂದು ಕೂರುತ್ತಾರೆ. ಹಿಂದಿನವರ ಓಲೆಗಳನ್ನು ಅವರಿಗೆ ಓದಿ ತೋರಿಸಿ, ಆಮೇಲೆ ಅವರ ಕೈಯಲ್ಲೇ ಹೊಸ ಓಲೆ ಬರೆಸಿ. ಉತ್ತರ ಬರುವವರೆಗೆ ಬಿಡಬೇಡಿ, ಬಂದ ಉತ್ತರಕ್ಕೆ ಮರು ಉತ್ತರ ಹೋಗದೆ ವರ್ಷ ಮುಗಿಸಬೇಡಿ. ಮುಂದೊಂದು ದಿನ ಯಾರೋ ಬಂದು, ಆ ದೇಶದವರು ಎಂಥವರು ಎಂದು ಕೇಳಿದರೆ, ಉತ್ತರ ಹೇಳಲು ಆ ಮಕ್ಕಳಿಗೆ ಒಬ್ಬರ ಹೆಸರಾದರೂ ಗೊತ್ತಿರಬೇಕು.